ಗಂಟೆಗೆ ಏಳುವ ಮಗ

ಸಮುದ್ರ ದಾಟಿ ಹೋದ ಮಗ ಪಂಚಗವ್ಯ ತೆಗೆದುಕೊಂಡು, ಜನಿವಾರ ಬದಲಿಸಿದ ಮೇಲೆಯೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು ಎಂದು ನಮ್ಮತ್ತೆ ಭಾಗೀರಥಿಬಾಯಿ ಅವನು ಬರುವ ಮೊದಲೇ ಠರಾಯಿಸಿಬಿಟ್ಟಿದ್ದರು. ಎಪ್ಪತ್ತೈದನೆಯ ಇಸವಿಯಲ್ಲೂ ಇದೇನು ಹಟ ಎಂದು ನಾನು ಒಲೆಯ ಮುಂದೆ ಗೊಣಗಿದೆ. ಗೊಣಗಲು ನನಗೆ ಹಕ್ಕಿದೆ. ಬೈಲಹೊಂಗಲದ ಈ ಮನೆಗೆ ಹಿರಿಯ ಸೊಸೆಯಾಗಿ ಬಂದಾಗಿನಿಂದ ಜೋಳದ ಭಕ್ರಿ ಬಡಿಯುತ್ತಿರುವವಳು ನಾನು, ಯಮುನಾ. ಆದರೆ ಕೇಳುವವರು ಯಾರು? ನನ್ನ ಗಂಡ ರಘೋತ್ತಮರು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಿ ಬಂದರೆ ಮುಗಿಯಿತು, ಮನೆಯಲ್ಲಿ ಅವರು ಬಾಯಿ ಬಿಚ್ಚುವುದು ಉಣ್ಣಲಿಕ್ಕೆ ಮಾತ್ರ.

ಹೀಗಾಗಿ ನನ್ನ ಮೈದುನ ನೀಲಕಂಠ, ಇಂಗ್ಲಂಡಿನಲ್ಲಿ ಐದು ವರ್ಷ ಡಾಕ್ಟರಿಕೆ ಮಾಡಿ ಮೊದಲ ಸಲ ರಜೆಗೆ ಬಂದವನು, ಬಂದ ದಿನ ಸಂಜೆ ತನ್ನ ಮನೆಯಲ್ಲೇ ಪಡಸಾಲೆಯ ಮೂಲೆಗೆ ಕೂತು ಒಂಟಿಯಾಗಿ ಉಂಡ. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ನಾನು ಎರಡನೆಯ ಭಕ್ರಿ ತರುವಷ್ಟರಲ್ಲಿ ಮೊದಲನೆಯದು ಮಾಯ. ಯಾರೋ ತಾಟು ಕಸಿದುಕೊಳ್ಳಲು ಬಂದಿದ್ದಾರೆ ಎಂಬಂತೆ ಗಬಗಬ ತಿಂದು, ಅಲ್ಲೇ ಜಮಖಾನೆಯ ಮೇಲೆ ಬಿದ್ದುಕೊಂಡು ನಿದ್ದೆ ಹೋದ. ನೋಡಲು ಬಂದವರು ನೋಡಿ ಹೋದರು. ಬೀದಿಯಲ್ಲಿ ಹತ್ತಿ ಗಾಡಿಗಳು ಒಂದರ ಹಿಂದೊಂದು ಹಾದುಹೋದವು. ಅವನಿಗೆ ಎಚ್ಚರವೇ ಆಗಲಿಲ್ಲ.

ಎಚ್ಚರವಾದದ್ದು ಮರುದಿನ ಬೆಳಿಗ್ಗೆ. ಮಾವನವರು ದೇವರ ಮನೆಯಲ್ಲಿ ಮಂಗಳಾರತಿಯ ಗಂಟೆ ಬಾರಿಸಿದ್ದೇ ತಡ, ನೀಲಕಂಠ ದಿಗ್ಗನೆ ಎದ್ದು ನಿಂತ. ಕಣ್ಣು ಮುಚ್ಚಿಯೇ ಇತ್ತು. ಎರಡೂ ಕೈ ಎದೆಯ ಹತ್ತಿರ ಬಂದಿದ್ದವು. ಗಂಟೆ ನಿಂತ ಮೇಲೆ ಕಣ್ಣು ತೆರೆದು ಸುತ್ತ ನೋಡಿದ, ಮತ್ತೆ ಮಲಗಿದ. ಅಡಿಗೆ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯ ಕಣ್ಣಲ್ಲಿ ನೀರು ಬಂತು.

"ನೋಡಿದ್ಯೇನ ಯಮುನಾ? ಐದು ವರ್ಷ ಆ ದೇಶದಾಗ ಇದ್ದು ಬಂದಾನ. ನಿದ್ದಿಗಣ್ಣಾಗೂ ದೇವರ ಗಂಟಿ ಮರತಿಲ್ಲ. ಇವಗೆಂಥಾ ಪ್ರಾಯಶ್ಚಿತ್ತ?"

ಆ ಮಧ್ಯಾಹ್ನವೇ ಅವನ ಎಲೆ ಪಂಕ್ತಿಯಲ್ಲಿ ಬಿತ್ತು, ಅಪ್ಪನ ಪಕ್ಕದಲ್ಲಿ. ಪಂಚಗವ್ಯದ ಮಾತು ಮತ್ತೆ ಬರಲಿಲ್ಲ. ನಮ್ಮತ್ತೆ ತಮ್ಮ ಹಟ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಇನ್ನು ಮಾವನವರ ಹಟ. ಮಾವ ವೆಂಕಣ್ಣನವರು ಇಲ್ಲಿಯ ಕೋರ್ಟಿನಲ್ಲಿ ವಕೀಲರು. ಮಗ ಇಂಗ್ಲಂಡಿಗೆ ವಿಮಾನ ಹತ್ತಿದ ವರ್ಷವೇ ವಕೀಲರ ಬಾರ್ ರೂಮಿನಲ್ಲಿ ಅವನನ್ನು ಸರ್ಜನ್ ಮಾಡಿಬಿಟ್ಟಿದ್ದರು. ಈಗ ಅವರ ಕಣ್ಣು ಮಗಳ ಮೇಲೆ. ನನ್ನ ನಾದಿನಿ ಲೀಲಾ ಹುಬ್ಬಳ್ಳಿಯಲ್ಲಿ ಡಾಕ್ಟರಿ ಪಾಸು ಮಾಡಿ ಮನೆಗೆ ಬಂದಿದ್ದಳು. ಹೆಂಗಸರ ಆಪರೇಷನ್ ಕಲಿಯಬೇಕೆಂಬುದು ಅವಳ ಒಂದೇ ಆಸೆ. ಯರಗಟ್ಟಿಯ ಸರಕಾರಿ ದವಾಖಾನೆಗೆ ಅವಳ ನೇಮಕವೂ ಆಗಿತ್ತು, ಶಿವರಾತ್ರಿಯೊಳಗೆ ಹಾಜರಾಗಬೇಕಿತ್ತು. ಮಾವನವರು ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಲೀಲಾ ಅಣ್ಣನ ಜೊತೆ ಇಂಗ್ಲಂಡಿಗೆ ಹೋಗಬೇಕು, ಅವನು ತನ್ನ ಆಸ್ಪತ್ರೆಯಲ್ಲೇ ಅವಳಿಗೊಂದು ಜಾಗ ಕೊಡಿಸಬೇಕು. ಬೇಸಿಗೆಯಿಂದ ನಮ್ಮ ದೇಶದ ಡಾಕ್ಟರರಿಗೆ ಅಲ್ಲಿ ಹೊಸದಾಗಿ ಪರೀಕ್ಷೆ ಇಡುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು, ಅದಕ್ಕೇ ಈ ಅವಸರ. ಲೀಲಾಳ ಪಾಸ್‌ಪೋರ್ಟು ಆಗಿತ್ತು. ನೀಲಕಂಠ ಹೂಂ ಅನ್ನುವುದೊಂದೇ ಬಾಕಿ. ಅವನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಮೊದಲ ವಾರ ಪೂರ್ತಿ ಊಟಕ್ಕೆ ಕೂತಾಗೆಲ್ಲ ಇದೇ ರಾಗ.

"ನಿಮ್ಮ ಸಾಹೇಬಗ ಲೀಲಾನ ಸುದ್ದಿ ಹೇಳಿಯೇನು?" ಎಂದು ಮಾವನವರು ಕೇಳಿದರು.

"ನೋಡೋಣಪಾ."

"ನೋಡೋದೇನದ ಅದರಾಗ? ಐದು ವರ್ಷ ಅಲ್ಲಿ ದುಡದೀ. ನಿನ್ನ ಮಾತಿಗೆ ಅಷ್ಟೂ ಕಿಮ್ಮತ್ತಿಲ್ಲೇನು?"

ನೀಲಕಂಠ ಅನ್ನ ಕಲಸುತ್ತ, "ಹುಳಿ ಛಲೋ ಆಗೇದ ವೈನಿ" ಎಂದ.

ಹುಳಿಗೆ ಆ ದಿನ ಉಪ್ಪೇ ಬಿದ್ದಿರಲಿಲ್ಲ. ನನ್ನ ಗಂಡ ತಲೆ ಎತ್ತಿ ತಮ್ಮನನ್ನೊಮ್ಮೆ ನೋಡಿದರು, ಉಪ್ಪಿನ ಬಟ್ಟಲನ್ನು ಅವನ ಕಡೆ ಸರಿಸಿದರು. ಎದುರಿಗೆ ಬಡಿಸುತ್ತಿದ್ದ ಲೀಲಾ ಸೌಟನ್ನು ಪಾತ್ರೆಯಲ್ಲಿ ಕುಕ್ಕಿ ಒಳಗೆ ಹೋದಳು.

ಅತ್ತೆಗೆ ಮಾತ್ರ ಈ ತಿಕ್ಕಾಟದ ಪರಿವೆ ಇರಲಿಲ್ಲ. ಅವರು ಓಣಿಯಲ್ಲೆಲ್ಲ ಮಗನ ಭಕ್ತಿಯನ್ನು ಸಾರುತ್ತಿದ್ದರು. ಪಕ್ಕದ ಹತ್ತಿ ವ್ಯಾಪಾರಿ ವೀರಪ್ಪನವರ ಹೆಂಡತಿ ಸುಂದರವ್ವನನ್ನು ಒಂದು ಬೆಳಿಗ್ಗೆ ಮಂಗಳಾರತಿಯ ಹೊತ್ತಿಗೆ ಕರೆದುಕೊಂಡೇ ಬಂದರು. ಆಕೆ ಹೊಸ್ತಿಲ ಆಚೆ ನಿಂತು ನೋಡಿದಳು. ಗಂಟೆ ಬಾರಿಸಿತು, ನೀಲಕಂಠ ಎದ್ದ, ಕಣ್ಣು ಮುಚ್ಚಿ ನಿಂತ. ಅತ್ತೆ ಹೆಮ್ಮೆಯಿಂದ ಸುಂದರವ್ವನ ಕಡೆ ತಿರುಗಿದರು.

"ಭಕ್ತಿ ಐತಿ ಬಿಡ್ರಿ ಬಾಯಾರ" ಎಂದಳು ಸುಂದರವ್ವ. ಆಮೇಲೆ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು, "ಕಾಲಿಲೆ ಏನೋ ತಡಕ್ಯಾಡಾಕ ಹತ್ಯಾನಲ್ಲ, ಏನದು?"

ನಾನೂ ನೋಡಿದೆ. ಅವನ ಬಲಗಾಲು ಜಮಖಾನೆಯ ಅಂಚಿನಲ್ಲಿ ಏನನ್ನೋ ಹುಡುಕುತ್ತಿತ್ತು. ಜಮಖಾನೆ ಸುತ್ತಿಕೊಂಡಿರಬೇಕು ಎಂದೆ. ಆದರೆ ಅಂದಿನಿಂದ ನನಗೆ ಆ ಕಾಲಿನದೇ ಯೋಚನೆಯಾಯಿತು.

ಎರಡನೆಯ ವಾರ ಸಂಗೊಳ್ಳಿಯಿಂದ ಮಾವನವರ ಕಕ್ಷಿದಾರ ಬಸಲಿಂಗಪ್ಪ ಎಳೆ ಜೋಳದ ತೆನೆ ತಂದುಕೊಟ್ಟ. ಹಿತ್ತಿಲಲ್ಲಿ ಕುಳ್ಳಿನ ಬೆಂಕಿ ಮಾಡಿ ಸೀತನಿ ಸುಟ್ಟೆವು. ನಾನು ತೆನೆ ತಿರುವುತ್ತಿದ್ದೆ, ಲೀಲಾ ಬಡಿದು ಕಾಳು ಉದುರಿಸುತ್ತಿದ್ದಳು, ನೀಲಕಂಠ ಬಾವಿಯ ಕಟ್ಟೆಯ ಮೇಲೆ ತನ್ನ ಅಂಗಿ ತಾನೇ ಒಗೆದುಕೊಳ್ಳುತ್ತಿದ್ದ. ನಮ್ಮ ಮನೆಯ ಗಂಡಸರು ತಾಟು ಕೂಡ ಎತ್ತಿಟ್ಟವರಲ್ಲ. ಬೇಡ ಎಂದರೂ ಅವನು ಕೇಳುತ್ತಿರಲಿಲ್ಲ. ಲೀಲಾ ಅಲ್ಲಿಯ ಆಪರೇಷನ್ ಥಿಯೇಟರ್ ಹೇಗಿರುತ್ತದೆ, ಹೊಟ್ಟೆ ತೆರೆದಾಗ ಯಾವ ದಾರ ಬಳಸುತ್ತಾರೆ ಎಂದು ಕೇಳುತ್ತಲೇ ಹೋದಳು. ಅವನು ಎಲ್ಲಕ್ಕೂ ಒಂದೊಂದು ಮಾತಿನ ಉತ್ತರ ಕೊಟ್ಟ. ಕೊನೆಗೆ ಅವಳು ಕೈಯಲ್ಲಿದ್ದ ಕೋಲು ಒಗೆದಳು.

"ನಾ ಬರೂದು ನಿನಗ ಬ್ಯಾಡಾಗೇದ. ಅದನ್ನ ಹೇಳಿಬಿಡಲ್ಲ."

"ಹಂಗಲ್ಲ ಲೀಲಾ."

"ಮತ್ತ ಹೆಂಗ? ನಾ ಬಂದ್ರ ಅಲ್ಲಿ ನಿನ್ನ ಸಮ ಆಗತೇನಿ ಅಂತ ಹೆದರಿಕಿ. ನೀ ಸರ್ಜನ್ ಆಗಬಹುದು, ನಾ ಯರಗಟ್ಟ್ಯಾಗ ಕೆಮ್ಮಿನ ಔಷಧ ಸುರುವಿಕೋತ ಕೂಡಬೇಕೇನು?"

ನೀಲಕಂಠ ಅಂಗಿ ಹಿಂಡುವುದನ್ನು ನಿಲ್ಲಿಸಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಾವನವರು ಹಿತ್ತಿಲ ಬಾಗಿಲಿಗೆ ಬಂದು, ಇನ್ನೂ ಸೀತನಿ ಆಗಲಿಲ್ಲವೇ ಎಂದು ಕೂಗಿದರು. ಅವನು ಮತ್ತೆ ಅಂಗಿ ಹಿಂಡತೊಡಗಿದ. ನನಗೆ ಸಿಟ್ಟು ಬಂದದ್ದು ಖರೆ. ಇಷ್ಟು ಓದಿದವನು, ತಂಗಿ ಕಣ್ಣೀರು ಒರೆಸಿಕೊಳ್ಳುವಾಗ ಒಂದು ಮಾತು ಆಡಬಾರದೇ ಎನ್ನಿಸಿತು. ಅಂಗಿಯನ್ನು ಅವನ ಕೈಯಿಂದ ಕಸಿದುಕೊಂಡು ನಾನೇ ಒಣಹಾಕಿದೆ.

ರಥಸಪ್ತಮಿ ಬಂತು. ಮಾವನವರು ಬಾರಿನ ಇಬ್ಬರು ವಕೀಲರನ್ನು ಊಟಕ್ಕೆ ಕರೆದಿದ್ದರು. ರೇಷನ್ ಸಕ್ಕರೆ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಅತ್ತೆ ಅದನ್ನೆಲ್ಲ ಪಾಯಸಕ್ಕೆ ಸುರಿದರು. ಬೆಳಗಿನಿಂದ ಅಡಿಗೆ ಮಾಡಿ ನನ್ನ ಬೆನ್ನು ಸೆಟೆದುಕೊಂಡಿತ್ತು. ಅತಿಥಿಗಳು ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅವರ ಮಾತಿನ ನಡುವೆಯೇ ನೀಲಕಂಠ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಒಳಗೆ ನೈವೇದ್ಯ ಶುರುವಾಯಿತು. ಹಬ್ಬದ ದಿನವೆಂದು ಮಾವನವರು ಗಂಟೆಯನ್ನು ನಿಲ್ಲಿಸದೆ ಬಾರಿಸಿದರು.

ಆ ದಿನ ನೀಲಕಂಠ ನಿಂತು ಸುಮ್ಮನಾಗಲಿಲ್ಲ. ಬಂದೆ, ಬಂದೆ ಎಂದು ಇಂಗ್ಲಿಷಿನಲ್ಲಿ ಕೂಗುತ್ತ ಬರಿಗಾಲಲ್ಲೇ ಬೀದಿಗೆ ಓಡಿದ. ವೀರಪ್ಪನವರ ಹತ್ತಿ ಗಾಡಿ ಎದುರು ಬರುತ್ತಿತ್ತು. ಗಾಡಿ ಹೊಡೆಯುವ ಸತ್ಯಪ್ಪ ಹಗ್ಗ ಜಗ್ಗಿ ಹಿಡಿಯದಿದ್ದರೆ ನೀಲಕಂಠ ಎತ್ತಿನ ಕಾಲಿಗೆ ಬೀಳುತ್ತಿದ್ದ. ಸತ್ಯಪ್ಪನ ಎದುರು ನಿಂತು, ಯಾವ ವಾರ್ಡು, ಯಾವ ವಾರ್ಡು ಎಂದು ಕೇಳಿದನಂತೆ. ಲೀಲಾ ಓಡಿ ಹೋಗಿ ತೋಳು ಹಿಡಿದು ಒಳಗೆ ಕರೆತಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಅತ್ತೆಗೆ ಆಗಲೂ ಅನುಮಾನ ಬರಲಿಲ್ಲ. ಅತಿಥಿಗಳಿಗೆ, "ಇವತ್ತ ಸೂರ್ಯನಾರಾಯಣನ ಹಬ್ಬ ನೋಡ್ರಿ. ಗಂಟಿ ಕೇಳಿ ಬಿಸಿಲಾಗ ಹೋಗಿ ನಿಂತಾ" ಎಂದರು. ವಕೀಲರು ತಲೆದೂಗಿದರು. ಎಲೆ ಹಾಕಿದೆವು, ಎಲ್ಲರೂ ಕೂತರು. ಮಾವನವರಿಗೆ ಹುರುಪು ಬಂದುಬಿಟ್ಟಿತ್ತು. ಇಂಥ ಮಗ ತಂಗಿಯ ಕೈ ಬಿಟ್ಟಾನೆಯೇ, ಮುಂದಿನ ತಿಂಗಳು ಇಬ್ಬರೂ ಕೂಡಿಯೇ ವಿಮಾನ ಹತ್ತುತ್ತಾರೆ, ಒಂದೇ ಮನೆಯಲ್ಲಿ ಇಬ್ಬರು ಸರ್ಜನ್ ಎಂದು ಶುರುಮಾಡಿದರು.

ನೀಲಕಂಠ ಎಲೆಯಿಂದ ಕೈ ತೆಗೆದ.

"ಅಪ್ಪಾ, ಲೀಲಾನ್ನ ನಾ ಕರಕೊಂಡು ಹೋಗೂದಿಲ್ಲ."

ಪಾಯಸದ ಸೌಟು ನನ್ನ ಕೈಯಲ್ಲೇ ನಿಂತಿತು. ಮಾವನವರು ಅತಿಥಿಗಳ ಕಡೆ ನೋಡಿ ನಕ್ಕಂತೆ ಮಾಡಿದರು. "ದೇವರ ಗಂಟಿಗೆ ಏಳಾಂವ, ಹೆತ್ತ ತಂದಿ ಮಾತಿಗೆ ಇಲ್ಲ ಅಂತಾನ. ಯಾಕಂತ?"

"ಅದು ದೇವರ ಗಂಟಿ ಅಲ್ಲಪಾ. ನಾ ಏಳೂದು ಫೋನಿಗೆ."

ಆಮೇಲೆ ಅವನು ಹೇಳಿದ, ಎಲೆಯ ಮೇಲೆ ಕಣ್ಣು ನೆಟ್ಟುಕೊಂಡೇ ಹೇಳಿದ. ಆಸ್ಪತ್ರೆಯ ಆವರಣದಲ್ಲೇ ಅವನ ಕೋಣೆ, ಹಾಸಿಗೆಯ ತಲೆದೆಸೆಗೇ ಫೋನು. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಪಾಳಿ, ಹಗಲಿನ ಕೆಲಸ ಹೇಗೂ ಇದ್ದದ್ದೇ. ಕೆಲವು ವಾರ ಶುಕ್ರವಾರ ಬೆಳಿಗ್ಗೆ ಹೋದರೆ ಸೋಮವಾರ ಸಂಜೆಯೇ ಬಿಡುಗಡೆ. ಗಂಟೆ ಬಾರಿಸಿದರೆ ಕಣ್ಣು ಬಿಡುವ ಮೊದಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ, ಕಾಲಿನಲ್ಲಿ ಬೂಟು ಹುಡುಕುತ್ತಾನೆ. ಎದೆಯ ಹತ್ತಿರ ಬರುವ ಕೈಗಳು ಮುಗಿಯಲು ಬರುವುದಿಲ್ಲ, ಗುಂಡಿ ಹುಡುಕಲು ಬರುತ್ತವೆ. ಊಟಕ್ಕೆ ಕೂತರೂ ಅದೇ ಫೋನು. ಆರು ತಿಂಗಳಿಗೊಮ್ಮೆ ಕೆಲಸ ಮುಗಿಯುತ್ತದೆ, ಪೆಟ್ಟಿಗೆ ಹಿಡಿದುಕೊಂಡು ಬೇರೆ ಊರಿಗೆ ಹೋಗಬೇಕು, ಹೊಸ ಸಾಹೇಬನ ಎದುರು ಕೈಕಟ್ಟಿ ನಿಲ್ಲಬೇಕು. ಆಪರೇಷನ್ ಕಲಿಸುವ ಜಾಗಗಳೆಲ್ಲ ಆ ಊರಿನ ಹುಡುಗರಿಗೆ. ಅವರು ಒಲ್ಲೆವೆಂದು ಬಿಟ್ಟದ್ದು ನಮ್ಮವರಿಗೆ, ಪಾಕಿಸ್ತಾನದವರಿಗೆ, ಲಂಕೆಯವರಿಗೆ. ಅವನಿಗೆ ಸಿಕ್ಕಿದ್ದು ಮುದುಕರ ವಾರ್ಡು. ರಾತ್ರಿ ಅಷ್ಟೂ ಮುದುಕರಿಗೆ ಅವನೊಬ್ಬನೇ ಡಾಕ್ಟರ. ಅವನ ಹತ್ತಿರ ಸೂಜಿ ಚುಚ್ಚಲು ಕಲಿತ ಹುಡುಗನೊಬ್ಬ ಈಗ ಅವನಿಗೆ ಮೇಲಧಿಕಾರಿ.

ಲೀಲಾ ತುಪ್ಪದ ಗಿಂಡಿ ಹಿಡಿದು ಎದುರಿಗೆ ನಿಂತಿದ್ದಳು. "ಕಡೀ ಸಲ ನೀ ಆಪರೇಷನ್ ಮಾಡಿದ್ದು ಯಾವಾಗ?" ಎಂದು ಕೇಳಿದಳು.

"ಹುಬ್ಬಳ್ಳ್ಯಾಗ."

"ಅಂದ್ರ ಹೋಗೂಕಿಂತ ಮೊದಲ?"

"ಹೂಂ."

ವಕೀಲರಿಬ್ಬರೂ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದರು. ಮಾವನವರ ದನಿ ಒಡೆದಿತ್ತು. "ಎಲ್ಲಾ ಛಲೋ ಅದ ಅಂತಿದ್ದೆಲ್ಲ, ಐದು ವರ್ಷ?"

"ನೀವು ನನ್ನ ಸರ್ಜನ್ ಮಾಡಿ ಊರಿಗೆಲ್ಲಾ ಹೇಳಿಬಿಟ್ಟಿದ್ರಿ. ನಿಮ್ಮ ಮಾತು ಸುಳ್ಳು ಮಾಡೋ ಧೈರ್ಯ ನನಗ ಬರಲಿಲ್ಲ. ಆದ್ರ ಇಕಿನ್ನ ಆ ಕೋಣ್ಯಾಗ ಕೂಡಿಸಿ, ತಲಿ ಹತ್ರ ಫೋನು ಇಟ್ಟು ಬರ್ಲಿಕ್ಕೆ ನನ್ನಿಂದ ಆಗೂದಿಲ್ಲ."

ಹಾಗೆಂದವನು ತಾಯಿಯ ಕಡೆ ತಿರುಗಿದ. "ಅವ್ವಾ, ನನ್ನ ಪ್ರಾಯಶ್ಚಿತ್ತ ಆಗಿಲ್ಲ. ನೀ ತಪ್ಪು ತಿಳಕೊಂಡಿದ್ದಿ. ನನಗ ಗೊತ್ತಿತ್ತು, ಹೇಳಲಿಲ್ಲ" ಎಂದು ಎಲೆ ಎತ್ತಿಕೊಂಡು ಪಡಸಾಲೆಯ ಮೂಲೆಗೆ ಹೋಗಲು ಎದ್ದೇಬಿಡುವವನಿದ್ದ.

ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರ ದೈವಭಕ್ತ ಮಗ ಅವರ ಕಣ್ಣೆದುರೇ ಇಲ್ಲವಾಗಿದ್ದ, ಅದೂ ಹಬ್ಬದ ಪಂಕ್ತಿಯಲ್ಲಿ, ಪರಸ್ಥರ ಎದುರಿಗೆ. ಅತ್ತೆ ಲೀಲಾಳ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡರು, ನೀಲಕಂಠನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದರು.

"ಎಲಿ ಬಿಟ್ಟು ಎದ್ದಿ ಅಂದ್ರ ನನ್ನ ಆಣಿ ಅದ. ಇಲ್ಲೆ ಯಾವ ಫೋನೂ ಇಲ್ಲ. ಸಾವಕಾಶ ಉಣ್ಣು."

ಅವನ ಅನ್ನದ ಮೇಲೆ ತುಪ್ಪ ಸುರಿದರು, ಬೇಕಾದ್ದಕ್ಕಿಂತ ಜಾಸ್ತಿಯೇ ಸುರಿದರು. ನನಗೆ ಅಳು ತಡೆಯಲಿಲ್ಲ, ಪಾಯಸದ ಪಾತ್ರೆ ಹಿಡಿದುಕೊಂಡು ಒಳಗೆ ಹೋದೆ.

ಆಮೇಲಿನ ವಾರ ಮನೆಯಲ್ಲಿ ಉಸಿರಾಡುವುದೂ ಕಷ್ಟವಾಯಿತು. ಮಾವನವರು ಮಗನೊಡನೆ ಮಾತು ಬಿಟ್ಟರು. ಬಾರ್ ರೂಮಿಗೂ ಹೋಗದೆ ಕೋರ್ಟಿನಿಂದ ಹಿಂದಿನ ದಾರಿ ಹಿಡಿದು ಮನೆಗೆ ಬರುತ್ತಿದ್ದರು. ಲೀಲಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬೇಕೆಂದದ್ದು ಕೈ ತಪ್ಪಿದಾಗ ಯಾರಿಗೆ ತಾನೆ ಅನ್ನ ಇಳಿದೀತು? ಅಣ್ಣನ ಮೇಲೆ ಅವಳ ಸಿಟ್ಟು ಕಡಿಮೆಯಾಗಿರಲಿಲ್ಲ, ಸಿಟ್ಟಿನ ಕಾರಣ ಮಾತ್ರ ಬದಲಾಗಿತ್ತು. ಇಷ್ಟೆಲ್ಲ ಅನುಭವಿಸಿ ತನಗೊಬ್ಬಳಿಗಾದರೂ ಯಾಕೆ ಹೇಳಲಿಲ್ಲ ಎಂದು ನನ್ನ ಮುಂದೆ ಅತ್ತಳು. ಮೂರನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪನ ಎದುರು ಹೋಗಿ ನಿಂತಳು.

"ನಾ ಯರಗಟ್ಟಿಗೆ ಹೋಗಿ ಹಾಜರಾಗತೇನಿ."

"ಇಷ್ಟು ಓದಿಸಿದ್ದು ಅದಕ್ಕೇನು?"

"ಅಲ್ಲಿ ಹೆರಿಗಿ ಟೇಬಲ್ ಮುಂದ ನಾನ ನಿಂದ್ರತೇನಿ. ಮತ್ತೊಬ್ಬರ ಬೆನ್ನ ಹಿಂದ ಅಲ್ಲ."

ಮಾವನವರು ಕಪ್ಪು ಕೆಳಗಿಟ್ಟು ಎದ್ದರು. ನೀಲಕಂಠ ಅವಳ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ಹೋದ. ಬಸ್ಸು ಹೊರಡುವತನಕ ಅಣ್ಣ ತಂಗಿ ಕಿಟಕಿಯ ಹತ್ತಿರ ಏನೋ ಮಾತಾಡಿದರು. ಕೊನೆಗೆ ಅವಳು ನಕ್ಕಳು ಎಂದು ನನ್ನ ಗಂಡ ಬಂದು ಹೇಳಿದರು. ಇಷ್ಟು ಉದ್ದದ ಸುದ್ದಿಯನ್ನು ಅವರು ತಾವಾಗಿ ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ಅದರ ಮರುದಿನದಿಂದ ನಮ್ಮ ಮನೆಯಲ್ಲಿ ಗಂಟೆಯ ಸದ್ದು ನಿಂತಿತು. ಮಾವನವರು ಎಂದಿನಂತೆ ಪೂಜೆಗೆ ಕೂತರು, ಆರತಿ ಎತ್ತಿದರು, ಗಂಟೆ ಹಿಡಿದ ಕೈಯೂ ಅಲ್ಲಾಡಿತು, ಸದ್ದು ಮಾತ್ರ ಬರಲಿಲ್ಲ. ಪಡಸಾಲೆಯಲ್ಲಿ ನೀಲಕಂಠ ಬಿಸಿಲೇರುವವರೆಗೆ ಮಲಗಿದ್ದ. ಪೂಜೆಯ ಪಾತ್ರೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನೋಡಿದೆ, ಗಂಟೆಯ ಒಳಗೆ ನಾಲಗೆಯ ಸುತ್ತ ಬತ್ತಿಯ ಹತ್ತಿ ತುರುಕಿತ್ತು. ಅತ್ತೆಯದೇ ಕೆಲಸ ಎಂದುಕೊಂಡೆ. ಅತ್ತೆ ನನ್ನ ಕೈಯಲ್ಲಿ ಅದನ್ನು ಕಂಡು, "ಛಲೋ ಮಾಡಿದಿ ಬಿಡು" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೇವರ ಮನೆಯೊಳಗೆ ಆ ಗಂಟೆ ಮುಟ್ಟುವವರು ಇನ್ನೊಬ್ಬರೇ ಇದ್ದರು. ಮಗನೊಡನೆ ಮಾತು ಬಿಟ್ಟ ಮಾವನವರು, ಜ್ವರ ಬಂದರೂ ಪೂಜೆಯಲ್ಲಿ ಒಂದು ಕೊರತೆ ಆಗಗೊಡದವರು, ಮಗ ಮಲಗಲಿ ಎಂದು ದೇವರನ್ನು ಸದ್ದಿಲ್ಲದೆ ಕರೆಯುತ್ತಿದ್ದರು. ನಾನು ಗಂಟೆಯನ್ನು ಹೊರಗಷ್ಟೇ ತಿಕ್ಕಿ, ಹತ್ತಿಯನ್ನು ಹಾಗೇ ಬಿಟ್ಟು ಒಳಗಿಟ್ಟೆ.

ಇಲ್ಲೇ ಇರು, ಊರಲ್ಲೇ ಒಂದು ದವಾಖಾನೆ ತೆಗೆ ಎಂದು ಅತ್ತೆ ಮಗನಿಗೆ ದಿನಾ ಹೇಳಿದರು. ಸರ್ಜನ್ ಆಗಿ ಬರುತ್ತೇನೆ ಎಂದು ಹೋದವನು ಏನಾಗಿ ಬಂದೆನೆಂದು ಬೋರ್ಡು ಹಾಕಲಿ ಎಂದು ಅವನು ಕೇಳಿದ. ಇನ್ನೊಂದು ಪರೀಕ್ಷೆ ಉಳಿದಿದೆ, ಅದಾದರೆ ಜಾಗ ಸಿಕ್ಕೀತು ಎಂದ. ಸಿಗುತ್ತದೆ ಎಂದು ಅವನಿಗೇ ನಂಬಿಕೆ ಇತ್ತೋ ಇಲ್ಲವೋ ನಾನರಿಯೆ. ಹೋಗುವ ಹೊತ್ತಿಗೆ ಅವನ ಕಣ್ಣ ಕೆಳಗಿನ ಕಪ್ಪು ತುಸು ತಿಳಿಯಾಗಿತ್ತು, ಊಟಕ್ಕೂ ನಿಧಾನ ಬಂದಿತ್ತು. ಶೇಂಗಾ ಹೋಳಿಗೆ ಕಟ್ಟಿಕೊಟ್ಟೆ. ಮಾವನವರು ಬಸ್ ಸ್ಟ್ಯಾಂಡಿಗೆ ಬಂದರು. ಅವನು ಕಾಲಿಗೆರಗಿದಾಗ, ಥಂಡಿಯಲ್ಲಿ ಜೋಪಾನ ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದರು.

ಅವನು ಹೋಗಿ ಅಲ್ಲಿ ಕೆಲಸಕ್ಕೆ ಸೇರಿರಬೇಕಾದ ಹೊತ್ತಿಗೆ ಮಾವನವರು ಗಂಟೆಯ ಹತ್ತಿ ತೆಗೆದರು. ಆ ಬೆಳಿಗ್ಗೆ ನಾನು ಭಕ್ರಿ ಬಡಿಯುತ್ತಿದ್ದೆ, ಅತ್ತೆ ಪಕ್ಕದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು, ನನ್ನ ಗಂಡ ಚಹಾ ಕುಡಿಯುತ್ತಿದ್ದರು. ದೇವರ ಮನೆಯಲ್ಲಿ ಗಂಟೆ ಬಾರಿಸಿತು. ಅತ್ತೆ ದಿಗ್ಗನೆ ಎದ್ದು ನಿಂತರು, ಮಡಿಲಿನ ಸೊಪ್ಪೆಲ್ಲ ನೆಲಕ್ಕೆ ಬಿತ್ತು. ಖಾಲಿ ಪಡಸಾಲೆಯ ಕಡೆಗೇ ನೋಡುತ್ತ ನಿಂತುಬಿಟ್ಟರು.

"ರಘೋತ್ತಮಾ, ಅಲ್ಲೆ ಈಗ ಹೊತ್ತು ಎಷ್ಟಾಗಿರಬೇಕೋ?"

"ಅಲ್ಲಿ ಇನ್ನೂ ನಡುರಾತ್ರಿ, ಅವ್ವಾ."

ದೇವರ ಮನೆಯಲ್ಲಿ ಗಂಟೆ ತಟ್ಟನೆ ನಿಂತಿತು. ಮಾವನವರಿಗೂ ಕೇಳಿಸಿತ್ತು. ಅತ್ತೆ ಮೆಲ್ಲಗೆ ಕೂತು ಸೊಪ್ಪು ಆರಿಸತೊಡಗಿದರು.

"ಹಂಗಾದ್ರ ಯಾರೋ ಎಬ್ಬಿಸಿರ್ತಾರ ಅವನ್ನ" ಎಂದರು.